ಕೆರೆಯ ಋಣ ಯಾರ ಲೆಕ್ಕಕ್ಕೆ?

‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಎಂಬ ಗಾದೆಯನ್ನು ಯಾರೂ ಮೊಳಕೆಯ ಮುಂದೆ ನಿಂತು ಹೇಳುವುದಿಲ್ಲ. ಮರ ಬೆಳೆದು, ಹಣ್ಣು ಬಿಟ್ಟ ಮೇಲೆ, ಅದರ ನೆರಳಿನಲ್ಲಿ ಕೂತು ಹೇಳುತ್ತಾರೆ. ಅದೇ ಮಳೆಗೆ, ಅದೇ ಮಣ್ಣಿನಲ್ಲಿ ತಲೆಯೆತ್ತಿದ ಉಳಿದ ಮೊಳಕೆಗಳು ಏನಾದವು? ಕೆಲವು ದನದ ಬಾಯಿಗೆ ಹೋದವು, ಕೆಲವು ಬಿಸಿಲಿಗೆ ಒಣಗಿದವು, ಕೆಲವನ್ನು ಯಾರೋ ಕಳೆಯೆಂದು ಕಿತ್ತರು. ಅವುಗಳಲ್ಲೂ ಸಿರಿ ಇತ್ತೇ ಎಂದು ಗಾದೆ ವಿಚಾರಿಸುವುದಿಲ್ಲ.

ಪರಿಸರ ವಿಜ್ಞಾನದಲ್ಲಿ ಕೆಲಸ ಮಾಡುವವರ ನೆನಪುಗಳನ್ನು ಓದುವಾಗೆಲ್ಲ ನನಗೆ ಈ ಗಾದೆ ಎದುರಾಗುತ್ತದೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಕಡೆಯಿಂದ ಶುರುವಾಗುತ್ತವೆ. ಒಂದು ತೋಪು, ಒಂದು ಹಳ್ಳ, ಹಕ್ಕಿಗೂಡು, ಜೇನು ಕಚ್ಚಿಸಿಕೊಂಡು ಊದಿದ ಮುಖ, ಮನೆಯಲ್ಲಿ ಬೈಗುಳ. ಆಮೇಲೆ ಒಂದು ಪ್ಯಾರಾ ಬಿಟ್ಟು ವಿಶ್ವವಿದ್ಯಾಲಯ. ಕೆರೆಗಳ ನೀರು ಪರೀಕ್ಷಿಸುವುದು ನನ್ನ ವೃತ್ತಿ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ‘ಈ ಕ್ಷೇತ್ರಕ್ಕೆ ಹೇಗೆ ಬಂದಿರಿ?’ ಎಂದರೆ ನಾನೂ ಇದೇ ಉತ್ತರ ಕೊಡುತ್ತೇನೆ. ಜರಗನಹಳ್ಳಿಯಲ್ಲಿ ಬೆಳೆದೆ, ಕೆರೆಯಲ್ಲಿ ಆಡಿದೆ, ಹಾಗಾಗಿ ಇಲ್ಲಿಗೆ ಬಂದೆ. ಆಡಿದ್ದು ನಿಜ, ಬಂದದ್ದೂ ನಿಜ. ನನ್ನನ್ನು ಕಾಡುವುದು ಇವೆರಡರ ನಡುವೆ ಇರುವ ‘ಹಾಗಾಗಿ’ ಎಂಬ ಪದ.

1980ರ ದಶಕದ ಜರಗನಹಳ್ಳಿಯನ್ನು ಈಗ ಕನಕಪುರ ರಸ್ತೆಯ ಮೆಟ್ರೋ ಕಂಬಗಳ ಕೆಳಗೆ ನಿಂತು ಊಹಿಸುವುದು ಕಷ್ಟ. ಒಂದು ಕಡೆಯಿಂದ ಜೆ.ಪಿ. ನಗರದ ಬಡಾವಣೆಗಳು ಬೆಳೆದು ಬರುತ್ತಿದ್ದವು. ಇನ್ನೊಂದು ಕಡೆ ರಾಗಿ ಹೊಲ, ಅವರೆ ಸಾಲು, ಗುಂಡುತೋಪು ಇನ್ನೂ ಉಳಿದಿದ್ದವು. ಊರಿಗೆ ತಾಗಿಕೊಂಡೇ ಸಾರಕ್ಕಿ ಕೆರೆ. ರಜೆ ಬಂದರೆ ಬೆಳಿಗ್ಗೆ ಮುದ್ದೆ ತಿಂದು ಹೊರಟವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದೆವು. ಏರಿ ಮೇಲಿಂದ ನೀರಿಗೆ ಹಾರುವುದು, ಜೊಂಡಿನ ನಡುವೆ ಗುಳುಮುಳಕದ ತೇಲುವ ಗೂಡು ಹುಡುಕುವುದು, ಕೋಡಿ ಬಿದ್ದ ದಿನ ಪಂಚೆ ಒಡ್ಡಿ ಮೀನು ಹಿಡಿಯುವುದು. ಧೈರ್ಯ ಹೆಚ್ಚಾದಾಗ ಬಾಡಿಗೆ ಸೈಕಲ್ಲಿನಲ್ಲಿ ತುರಹಳ್ಳಿ ಗುಡ್ಡದವರೆಗೆ ಹೋಗಿ ಬಂಡೆ ಹತ್ತುವುದು.

ನಾವು ಮೂವರು ಸದಾ ಜೊತೆಗಿದ್ದೆವು. ನಾನು, ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ, ಮತ್ತು ನನ್ನ ಓರಗೆಯ ಒಬ್ಬ ಹುಡುಗ. ಅವನ ಅಪ್ಪ ಮೀನು ಗುತ್ತಿಗೆ ಹಿಡಿದವರ ಬಳಿ ಬಲೆ ಬೀಸುವ ಕೂಲಿಗೆ ಹೋಗುತ್ತಿದ್ದರು. ನಮ್ಮ ಮೂವರಲ್ಲಿ ಕೆರೆಯನ್ನು ಅತಿ ಕಡಿಮೆ ಬಲ್ಲವನು ನಾನೇ ಆಗಿದ್ದೆ. ಅಕ್ಕನಿಗೆ ದಡದ ಸೊಪ್ಪುಗಳೆಲ್ಲ ಗೊತ್ತಿದ್ದವು. ಹೊನಗೊನ್ನೆ ಎಲ್ಲಿ ಚಿಗುರಿದೆ, ಒಂದೆಲಗ ಯಾವ ತೇವದಲ್ಲಿ ಹಬ್ಬುತ್ತದೆ, ಯಾವುದರ ರುಚಿ ಮಳೆಗೆ ಮೊದಲು ಚೆನ್ನ, ಯಾವುದರದ್ದು ಆಮೇಲೆ. ಗೆಳೆಯನಿಗೆ ನೀರಿನ ಒಳಗಿನದ್ದೂ ಗೊತ್ತಿತ್ತು. ಮೇಲ್ಮೈ ಅಲುಗಿದ ರೀತಿ ನೋಡಿ ಕೆಳಗಿರುವುದು ಕುಚ್ಚು ಮೀನೋ ಕೊರವನೋ ಹೇಳುತ್ತಿದ್ದ.

ಅಕ್ಕನ ಕೆರೆ ಹದಿಮೂರನೇ ವರ್ಷಕ್ಕೆ ಮುಗಿಯಿತು. ಯಾರೂ ಗದರಲಿಲ್ಲ. ‘ಇನ್ನು ನೀನು ಹೋಗೋದು ಬೇಡ ಕಣಮ್ಮ’ ಎಂದು ಅಜ್ಜಿ ಮೆತ್ತಗೆ ಹೇಳಿದರು, ಅಷ್ಟೇ. ಗೆಳೆಯನ ಓದು ಎಂಟನೇ ತರಗತಿಗೆ ನಿಂತಿತು. ಗ್ಯಾರೇಜು ಸೇರಿದ, ಆಮೇಲೆ ಆಟೋ ಓಡಿಸಿದ. ನನ್ನ ಅಪ್ಪನಿಗೆ ತಿಂಗಳ ಸಂಬಳದ ನೌಕರಿ ಇತ್ತು. ಜಯನಗರದ ಕಾಲೇಜಿಗೆ ಬಸ್ ಪಾಸ್ ಸಿಕ್ಕಿತು. ಅಲ್ಲಿನ ಗ್ರಂಥಾಲಯದಲ್ಲಿ ಹಕ್ಕಿಗಳ ಚಿತ್ರವಿದ್ದ ಇಂಗ್ಲಿಷ್ ಪುಸ್ತಕ ನೋಡಿದಾಗ, ಗುಳುಮುಳಕಕ್ಕೆ ಲ್ಯಾಟಿನ್ ಹೆಸರೂ ಇದೆ ಎಂದೂ, ಆ ಹೆಸರು ಗೊತ್ತಿದ್ದರೆ ಸಂಬಳ ಬರುವ ಕೆಲಸವಿದೆ ಎಂದೂ ತಿಳಿಯಿತು. ಮೂವರಿಗೂ ಕೆರೆ ಒಂದೇ, ಬಿಸಿಲು ಒಂದೇ. ವಿಜ್ಞಾನಿಯಾದದ್ದು ಒಬ್ಬ. ಹಾಗಿದ್ದ ಮೇಲೆ ‘ಕೆರೆ ನನ್ನನ್ನು ವಿಜ್ಞಾನಿ ಮಾಡಿತು’ ಎಂದರೆ ಲೆಕ್ಕ ಹೊಂದುವುದಿಲ್ಲ. ಕೆರೆ ಮಾಡುವುದಾಗಿದ್ದರೆ ಮೊದಲು ಅವರಿಬ್ಬರನ್ನು ಮಾಡಬೇಕಿತ್ತು.

ದೊಡ್ಡವರ ಕಥೆಗಳನ್ನೂ ಹೀಗೆಯೇ ಬಿಡಿಸಿ ನೋಡಬಹುದು. ಸಲೀಂ ಅಲಿಯವರ ಗುಬ್ಬಿಯ ಕಥೆ ಬಹಳ ಜನರಿಗೆ ಗೊತ್ತು. ಮುಂಬಯಿಯಲ್ಲಿ ಬೆಳೆಯುತ್ತಿದ್ದ ಹುಡುಗ ಆಟದ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಇದು ಯಾವ ಗುಬ್ಬಿ ಎಂದು ಕುತೂಹಲಪಟ್ಟ. ಅಲ್ಲಿಂದ ಪಕ್ಷಿಶಾಸ್ತ್ರದ ದಾರಿ ತೆರೆಯಿತು. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೇ ಆ ಗುಬ್ಬಿ ಇದೆ. ಆದರೆ ಕಥೆಯ ನಡುವೆ ಇರುವ ಒಬ್ಬರನ್ನು ನಾವು ಬೇಗ ದಾಟಿಬಿಡುತ್ತೇವೆ. ತಂದೆತಾಯಿ ಇಲ್ಲದ ಆ ಹುಡುಗನನ್ನು ಸಾಕಿದ ಮಾವ ಅಮೀರುದ್ದೀನ್ ತ್ಯಾಬ್ಜಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅವರು ಹುಡುಗನನ್ನು ಆ ಸಂಸ್ಥೆಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಬಳಿಗೆ ಕಳಿಸಿದರು. ಮಿಲ್ಲಾರ್ಡ್ ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಕಪಾಟು ಕಪಾಟಾಗಿ ಇಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೂ ತೋರಿಸಿದರು. ಆ ಕಾಲದಲ್ಲಿ ಗುಬ್ಬಿ ಹೊಡೆದ ಹುಡುಗರು ದೇಶದ ತುಂಬ ಇದ್ದಿರಬೇಕು. ಮಿಲ್ಲಾರ್ಡ್ ಮೇಜಿನವರೆಗೆ ಕರೆದೊಯ್ಯುವ ಮಾವ ಎಷ್ಟು ಜನಕ್ಕಿದ್ದರು?

ನಮ್ಮವರೇ ಆದ ಉಲ್ಲಾಸ ಕಾರಂತರನ್ನು ನೋಡಿ. ಶಿವರಾಮ ಕಾರಂತರ ಮಗ, ಪುತ್ತೂರಿನ ಕಡೆಯ ಹಸಿರಿನಲ್ಲಿ ಬೆಳೆದವರು. ಕಥೆ ಇಲ್ಲಿಗೇ ಪೂರ್ತಿಯಾದಂತೆ ಅನಿಸುತ್ತದೆ. ಆದರೆ ಅವರು ಮೊದಲು ಓದಿದ್ದು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್. ಎಂಜಿನಿಯರಾಗಿ, ಕೃಷಿಕರಾಗಿ ವರ್ಷಗಳು ಕಳೆದವು. ಫ್ಲಾರಿಡಾ ವಿಶ್ವವಿದ್ಯಾಲಯದಿಂದ ವನ್ಯಜೀವಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದದ್ದು 1988ರಲ್ಲಿ, ನಲವತ್ತರ ಹೊಸ್ತಿಲಲ್ಲಿ. ನಾಗರಹೊಳೆಯಲ್ಲಿ ಹುಲಿಯ ಪಟ್ಟೆಗಳನ್ನು ನಮ್ಮ ಬೆರಳಚ್ಚಿನಂತೆ ಓದಿ, ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಸಂಖ್ಯಾಶಾಸ್ತ್ರದ ಮೂಲಕ ಅವುಗಳ ಸಂಖ್ಯೆ ಅಂದಾಜು ಮಾಡುವ ಕೆಲಸ ನಡೆದದ್ದು ಅದಾದ ಮೇಲೆ. ಬಾಲ್ಯದ ಆಸೆ ಅಷ್ಟು ವರ್ಷ ಬತ್ತದೆ ಉಳಿದದ್ದು ದೊಡ್ಡ ಮಾತೇ. ಆದರೆ ಆಸೆ ತಾನಾಗಿ ವಿಜ್ಞಾನವಾಗಲಿಲ್ಲ. ಅದಕ್ಕೆ ಗಣಿತ ಬೇಕಾಯಿತು, ಗುರುಗಳು ಬೇಕಾದರು, ಸಮುದ್ರದಾಚೆಯ ಒಂದು ಅವಕಾಶ ಬೇಕಾಯಿತು.

ಇದಕ್ಕೆ ಎದುರಿನ ಉದಾಹರಣೆಯೂ ಉಂಟು. ನನ್ನ ಜೊತೆ ಕೆಲಸ ಮಾಡಿದ ಅತಿ ಚುರುಕಿನ ತರುಣಿಯೊಬ್ಬಳು ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಬೆಳೆದವಳು. ಮರ ಹತ್ತಿದವಳಲ್ಲ, ಈಜು ಕಲಿತದ್ದು ಕ್ಲೋರಿನ್ ಹಾಕಿದ ಕೊಳದಲ್ಲಿ. ದಿನಾ ಬೆಳಿಗ್ಗೆ ಬರುತ್ತಿದ್ದ ಟ್ಯಾಂಕರ್ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೊಂದೇ ಅವಳನ್ನು ಅಂತರ್ಜಲದ ಅಧ್ಯಯನಕ್ಕೆ ಎಳೆದು ತಂದಿತು. ಹಾಗಾದರೆ ಹೊರಗಿನ ಬಾಲ್ಯ ಇದ್ದ ಮಾತ್ರಕ್ಕೆ ವಿಜ್ಞಾನ ಬರುವುದಿಲ್ಲ, ಇಲ್ಲದ ಮಾತ್ರಕ್ಕೆ ತಪ್ಪಿಹೋಗುವುದೂ ಇಲ್ಲ.

ನಮ್ಮೂರಿನ ಮುಂದಿನ ಕನಕಪುರ ರಸ್ತೆಯನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ ಮಳವಳ್ಳಿ, ಕೊಳ್ಳೇಗಾಲ ದಾಟಿ ಬಿಳಿಗಿರಿರಂಗನ ಬೆಟ್ಟ ಸಿಗುತ್ತದೆ. ಅಲ್ಲಿನ ಸೋಲಿಗರ ಮಕ್ಕಳ ಬಾಲ್ಯದ ಮುಂದೆ ನಮ್ಮ ಕೆರೆಯ ಸಾಹಸ ಏನೇನೂ ಅಲ್ಲ. ಬಾಲ್ಯದ ಅಲೆದಾಟವೇ ವಿಜ್ಞಾನಿಗಳನ್ನು ಹುಟ್ಟಿಸುವುದಾದರೆ ದೇಶದ ಪರಿಸರ ಸಂಸ್ಥೆಗಳ ತುಂಬ ಸೋಲಿಗರು, ಜೇನುಕುರುಬರು ಇರಬೇಕಿತ್ತು. ಸೋಲಿಗ ಸಮುದಾಯದ ಸಿ. ಮಾದೇಗೌಡರು ಪಿಎಚ್.ಡಿ. ಪಡೆದು ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿ ಸಂಶೋಧಕರಾದದ್ದನ್ನು ನಾವು ಇವತ್ತಿಗೂ ವಿಶೇಷ ಸಂಗತಿಯಾಗಿ ಹೇಳುತ್ತೇವೆ. ವಿಶೇಷವಾಗಿ ಹೇಳಬೇಕಾಗಿ ಬಂದಿದೆ ಎಂಬುದರಲ್ಲೇ ನಮ್ಮ ‘ಹಾಗಾಗಿ’ಯ ಬಣ್ಣ ಬಯಲಾಗುತ್ತದೆ.

ಸೋಲಿಗರಿಗೆ ಕಾಡಿನ ತಿಳಿವಳಿಕೆ ಇರಲಿಲ್ಲವೆಂದಲ್ಲ. ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಸಣ್ಣಗೆ ಕೊಡುವ ಬೆಂಕಿಯನ್ನು ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಅದಕ್ಕೆ ತಡೆ ಬಿತ್ತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಹೀಗೆ ಹಬ್ಬಿತು ಎಂದು ಹಿರಿಯ ಸೋಲಿಗರು ಹೇಳುತ್ತ ಬಂದರು. ಏಟ್ರೀ ಸಂಶೋಧಕರು ಅಲ್ಲಿನ ಕಾಡನ್ನು 1997ರಲ್ಲಿ ಇದ್ದಂತೆಯೂ 2008ರಲ್ಲಿ ಇದ್ದಂತೆಯೂ ಹೋಲಿಸಿದಾಗ ಲಂಟಾನ ವಿಪರೀತ ಹೆಚ್ಚಿದ್ದು ಕಂಡಿತು. ಸೋಲಿಗರ ವಿವರಣೆಯೂ ಆಮೇಲೆ ಸಂಶೋಧನಾ ಪತ್ರಿಕೆಗಳಲ್ಲಿ ಗಂಭೀರ ಚರ್ಚೆಗೆ ಬಂತು. ನೋಡಿದವರು ಒಬ್ಬರು, ಬರೆದವರು ಇನ್ನೊಬ್ಬರು. ಬರೆದಾಗ ಅದು ವಿಜ್ಞಾನವೆನಿಸಿತು. ಬರೆದವರ ಶ್ರಮವನ್ನು ನಾನು ಹಗುರ ಮಾಡುತ್ತಿಲ್ಲ, ಅದು ನನ್ನದೇ ಕಸುಬು. ಆದರೆ ನೋಟಕ್ಕೂ ಬರಹಕ್ಕೂ ನಡುವಿನ ದೂರವನ್ನು ಕಾಡಿನ ಬಾಲ್ಯ ದಾಟಿಸಲಿಲ್ಲ. ಅದನ್ನು ದಾಟಿಸುವುದು ಶಾಲೆ, ಭಾಷೆ, ಹಣ, ಜಾತಿ. ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯ ಹೊಸ್ತಿಲೂ ಸೇರುತ್ತದೆ.

ನಮ್ಮ ಬಯಲುಸೀಮೆಯ ಕೆರೆಗಳಿಗೂ ಇದೇ ಕಥೆ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಧರಿಸುತ್ತಿದ್ದವರು ನೀರಗಂಟಿಗಳು, ಹೆಚ್ಚಾಗಿ ದಲಿತ ಕುಟುಂಬದವರು. ತಲೆಮಾರುಗಳಿಂದ ನೀರಿನ ಲೆಕ್ಕ ಇಟ್ಟವರನ್ನು ಜಲವಿಜ್ಞಾನಿ ಎಂದು ಕರೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಹಾಗಾದರೆ ಹೊರಗಿನ ಬಾಲ್ಯ ಕೊಡುವುದು ಏನು? ವೃತ್ತಿಯನ್ನಂತೂ ಅಲ್ಲ. ಅದು ಕೊಡುವುದು ಒಂದು ಅಳತೆಗೋಲು ಎಂದು ನನಗೆ ಈಗ ಅನಿಸುತ್ತದೆ. ಡೇನಿಯಲ್ ಪೌಲಿ ಎಂಬ ಮೀನು ವಿಜ್ಞಾನಿ 1995ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಪ್ರತಿ ಪೀಳಿಗೆಯ ವಿಜ್ಞಾನಿಗಳೂ ತಾವು ಕೆಲಸ ಶುರು ಮಾಡಿದಾಗ ಸಮುದ್ರದಲ್ಲಿ ಎಷ್ಟು ಮೀನಿತ್ತೋ ಅದನ್ನೇ ಸಹಜವೆಂದು ಭಾವಿಸುತ್ತಾರೆ, ಅದರಿಂದ ನಷ್ಟದ ಲೆಕ್ಕ ಪ್ರತಿ ಸಲವೂ ತಗ್ಗಿದ ಮಟ್ಟದಿಂದಲೇ ಶುರುವಾಗುತ್ತದೆ ಎಂಬುದು ಅದರ ಸಾರ. ಬೆಂಗಳೂರಿನ ಮಗುವೊಂದು ಕಣ್ಣುಬಿಟ್ಟಾಗಿನಿಂದ ರಾಜಕಾಲುವೆಯನ್ನು ಕಪ್ಪಗೇ ಕಂಡಿದ್ದರೆ ಅದಕ್ಕೆ ಕಾಲುವೆ ಎಂದರೆ ಕಪ್ಪು. ಬೆಳ್ಳಂದೂರಿನ ನೊರೆ ಒಂದಿಷ್ಟು ಕಡಿಮೆಯಾದರೆ ಅದೇ ಸುಧಾರಣೆ. ಹೀಗಿರಲಿಲ್ಲ ಎಂದು ಹೇಳಲು ಹೀಗಿಲ್ಲದ್ದನ್ನು ಕಂಡವರು ಬೇಕು.

ಆ ಸಾಕ್ಷ್ಯ ಪದವಿ ಕೇಳುವುದಿಲ್ಲ. ಹೊನಗೊನ್ನೆ ದಡದ ಯಾವ ಭಾಗದಲ್ಲಿ ಬೆಳೆಯುತ್ತಿತ್ತು ಎಂಬುದು ಅಕ್ಕನ ಬಳಿ ಇದೆ. ಯಾವ ಯಾವ ಮೀನು ಇತ್ತು ಎಂಬುದು ಗೆಳೆಯನ ಬಳಿ ಇದೆ. ನನ್ನ ಬಳಿ ಇರುವುದು ಇತ್ತೀಚಿನ ವರ್ಷಗಳ ಅಂಕಿಗಳು. ಅವರಿಬ್ಬರ ನೆನಪು ಇಲ್ಲದೆ ಹೋದರೆ ನನ್ನ ಅಂಕಿಗಳು ಎಲ್ಲಿಂದ ಎಲ್ಲಿಗೆ ಇಳಿದಿವೆ ಎಂದು ಹೇಳಲಾರವು.

ಒಂದು ಸಣ್ಣ ಉದಾಹರಣೆ. ಕೊಳಚೆ ಸೇರಿದ ಕೆರೆಯಲ್ಲಿ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲು ಬಿಸಿಲಿಗೆ ಅದು ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಉಸಿರಾಡಿ ಅದನ್ನು ಮುಗಿಸುತ್ತವೆ. ಸೂರ್ಯ ಹುಟ್ಟುವ ಮೊದಲು ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಮಧ್ಯಾಹ್ನ ಎರಡು ಗಂಟೆಗೆ ಅಳೆದರೆ ಪಾಸಾಗುವ ಕೆರೆ ಬೆಳಗಿನ ಐದಕ್ಕೆ ಉಸಿರುಗಟ್ಟಿರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಎಲ್ಲರೂ ಮಾತಾಡಿದ್ದು ಹೀಗೆ ನೀರಿನಲ್ಲಿ ಆಮ್ಲಜನಕ ಇಲ್ಲವಾಗುವುದರ ಬಗ್ಗೆಯೇ. ನಾನು ಇದನ್ನು ಎಂ.ಎಸ್ಸಿ. ತರಗತಿಯಲ್ಲಿ ಗ್ರಾಫಿನ ಸಹಿತ ಕಲಿತೆ. ಕಲಿಯುವಾಗ ಗೆಳೆಯನ ಅಪ್ಪ ನೆನಪಾದರು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅವರು ನಸುಕಿಗೇ ಏರಿ ಮೇಲೆ ಬಂದು ಕೂರುತ್ತಿದ್ದರು. ‘ಮೀನು ಮೇಲಕ್ಕೆ ಬಂದು ಬಾಯಿ ಬಡೀತಾ ಐತೆ ಕಣ್ರಲಾ, ನೀರು ಕೆಟ್ಟೈತೆ. ಬಿಸಿಲು ಏರಿದ ಮ್ಯಾಲೆ ನೋಡಿದ್ರೆ ಏನೂ ಗೊತ್ತಾಗಾಕಿಲ್ಲ’ ಎನ್ನುತ್ತಿದ್ದರು. ಗ್ರಾಫು ಹೇಳಿದ್ದೂ ಅದನ್ನೇ.

ಇಲ್ಲಿಗೆ ಪ್ರಶ್ನೆ ನೀತಿಯದ್ದಾಗುತ್ತದೆ. ಮೂವರೂ ಒಟ್ಟಿಗೆ ಪಡೆದದ್ದನ್ನು ಒಬ್ಬ ಸಂಬಳವಾಗಿ, ಹೆಸರಾಗಿ ಬದಲಾಯಿಸಿಕೊಂಡರೆ ಅವನ ಮೇಲೆ ಏನು ಹೊಣೆ ಬೀಳುತ್ತದೆ? ನಮ್ಮಲ್ಲಿ ಇದಕ್ಕೆ ಋಣ ಎಂಬ ಹಳೆಯ ಮಾತಿದೆ. ಋಣವನ್ನು ನಾವು ಸಾಲದಂತೆ ಕೊಟ್ಟವರಿಗೇ ಹಿಂತಿರುಗಿಸುವುದಿಲ್ಲ. ಋಷಿಋಣ ತೀರುವುದು ಓದಿ, ಮುಂದಿನವರಿಗೆ ಕಲಿಸಿದಾಗ. ಪಿತೃಋಣ ತೀರುವುದು ಮಕ್ಕಳನ್ನು ಬೆಳೆಸಿದಾಗ. ಹಾಗೆ ನೋಡಿದರೆ ಕೆರೆಯ ಋಣ ತೀರಬೇಕಾದದ್ದು ಇನ್ನೊಂದು ಮಗುವಿಗೆ ಕೆರೆ ಸಿಕ್ಕಾಗ. ಇದರ ಜೊತೆಗೆ ಪಕ್ಕದಲ್ಲಿ ನಿಂತಿದ್ದ ಜೊತೆಗಾರರಿಗೂ ಒಂದು ಬಾಕಿ ಇದೆ ಎಂದು ನಾನು ಸೇರಿಸುತ್ತೇನೆ. ಅವರ ತಿಳಿವಳಿಕೆಯನ್ನು ಅವರದೆಂದು ಹೇಳಿ ದಾಖಲಿಸುವುದು, ಕೆರೆಯ ವರದಿಯನ್ನು ಅವರು ಓದುವ ಭಾಷೆಯಲ್ಲಿ ಅವರ ಮುಂದೆ ಇಡುವುದು, ಕೆರೆ ಅಭಿವೃದ್ಧಿಯ ಸಭೆಯಲ್ಲಿ ಅವರಿಗೂ ಕುರ್ಚಿ ಹಾಕುವುದು. ಇದನ್ನು ಉಪಕಾರವೆಂದು ಮಾಡಬಾರದು. ಹಳೆಯ ಲೆಕ್ಕ ಚುಕ್ತಾ ಮಾಡುವುದು ಇದು.

ಎರಡನೆಯ ಬಾಕಿ ಕಷ್ಟದ್ದಾದರೂ ತಿಳಿಯಾಗಿದೆ. ಮೊದಲನೆಯದರಲ್ಲೇ ತೊಡಕು. ನಮ್ಮ ಭಾಗದ ಕೆರೆಗಳು ಉಳಿದದ್ದು ಸುಲಭದಲ್ಲಿ ಅಲ್ಲ. ಪುಟ್ಟೇನಹಳ್ಳಿಯ ಸುಮಾರು 13 ಎಕರೆಯ ಕೆರೆ ಬತ್ತಿಹೋಗುತ್ತಿದ್ದಾಗ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಬೆನ್ನುಬಿದ್ದರು. ಪಕ್ಕದ ವಸತಿ ಸಮುಚ್ಚಯದ ಶುದ್ಧೀಕರಿಸಿದ ನೀರು ಅದಕ್ಕೆ ಹರಿಯುವಂತಾಯಿತು, ಹಕ್ಕಿಗಳು ಬಂದವು. ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವು ಮಾಡಿತು. ಕೆರೆಯಂಗಳದಲ್ಲಿ ಮನೆ ಕಟ್ಟಿಕೊಂಡಿದ್ದವರ ಮನೆಗಳು ಬಿದ್ದವು, ಆ ನೋವೂ ಈ ಉಳಿವಿನ ಬೆಲೆಯಲ್ಲಿ ಸೇರಿದೆ. ಹೀಗೆ ಉಳಿಸಿದ ಮೇಲೆ ಕಾಯಲೇಬೇಕಲ್ಲ. ನಗರದ ಕೆರೆಗಳ ಸುತ್ತ ಈಗ ಬೇಲಿ ಬಂದಿದೆ, ಗೇಟಿಗೆ ಸಮಯವಿದೆ, ನೀರಿಗಿಳಿಯಬಾರದು, ಮೀನು ಹಿಡಿಯಬಾರದು ಎಂಬ ಫಲಕಗಳಿವೆ. ನನ್ನ ಬಾಲ್ಯದ ಸಾಹಸವೆಂದು ನಾನು ವೇದಿಕೆಯಲ್ಲಿ ಬಣ್ಣಿಸುವ ಪ್ರತಿಯೊಂದೂ ಆ ಫಲಕದಲ್ಲಿ ‘ನಿಷೇಧ’ ಎಂಬ ಪದದ ಕೆಳಗಿದೆ.

ಫಲಕ ಬರೆಸಿದವರನ್ನು ನಾನು ದೂರುವುದಿಲ್ಲ. ಕೆರೆಯಲ್ಲಿ ಮುಳುಗಿದ ಮಗುವಿನ ಮನೆಗೆ ಹೋಗಿ ಬಂದವರು ಯಾರೂ ಬೇಲಿಯನ್ನು ಗೇಲಿ ಮಾಡಲಾರರು. ನೀರು ಕೂಡ ನಾವು ಹಾರುತ್ತಿದ್ದ ನೀರಲ್ಲ. ಹಾಗಿದ್ದೂ ಒಂದು ಮಾತು ಉಳಿಯುತ್ತದೆ. ಅಮೆರಿಕದ ಲೇಖಕ ರಾಬರ್ಟ್ ಪೈಲ್ ‘ಅನುಭವದ ಅಳಿವು’ ಎಂಬ ಮಾತನ್ನು ಚಾಲ್ತಿಗೆ ತಂದರು. ಮನೆಯ ಹತ್ತಿರದ ಜೀವಜಾಲ ಕೈಗೆ ಸಿಗದಂತಾದರೆ ಅದರ ಬಗೆಗಿನ ಕಾಳಜಿಯೂ ಸವೆಯುತ್ತದೆ, ಕಾಳಜಿ ಸವೆದರೆ ಇನ್ನಷ್ಟು ಅಳಿಯುತ್ತದೆ ಎಂಬುದು ಅವರ ಆತಂಕ. ಬೇಲಿಯಾಚೆಯಿಂದ ಹೆಜ್ಜಾರ್ಲೆಯ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದೇ. ಆದರೆ ಕೆಸರಿನ ವಾಸನೆ, ಕಾಲಿಗೆ ಸುತ್ತಿಕೊಂಡ ಅಂತರಗಂಗೆ, ಬೆರಳ ಸಂದಿಯಲ್ಲಿ ಜಾರಿದ ಮರಿಮೀನು ಬೇಲಿಯಾಚೆಯಿಂದ ಸಿಗುವುದಿಲ್ಲ. ಅಳತೆಗೋಲು ತಯಾರಾಗುವುದು ಅವುಗಳಿಂದ.

ಈ ತೊಡಕಿಗೆ ನನ್ನ ಕಸುಬಿನ ಒಳಗಿನಿಂದಲೇ ಒಂದು ದಾರಿ ಕಾಣುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಅದರ ಬಳಕೆಯ ಪ್ರಕಾರ ಎ ಇಂದ ಇ ವರೆಗೆ ಐದು ದರ್ಜೆ ಮಾಡಿದೆ. ಡಿ ದರ್ಜೆ ಮೀನು, ವನ್ಯಜೀವಿಗಳಿಗೆ. ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕ ಕರಗಿದ್ದರೆ ಅದರ ಒಂದು ಮುಖ್ಯ ಷರತ್ತು ಮುಗಿಯಿತು. ಇ ದರ್ಜೆ ನೀರಾವರಿಗೆ, ಕಾರ್ಖಾನೆಯ ತಂಪಿಗೆ. ನಗರದ ಕೆರೆ ಡಿ ಮುಟ್ಟಿದರೆ ನಾವು ಸಮಾಧಾನಪಡುತ್ತೇವೆ. ಬಿ ದರ್ಜೆ ಇರುವುದು ಮನುಷ್ಯರು ಇಳಿದು ಮೀಯುವ ನೀರಿಗೆ. ಅದಕ್ಕೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಬೇಕು, ಕೊಳಚೆಯ ಗುರುತಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 500ಕ್ಕಿಂತ ಹೆಚ್ಚಿರಬಾರದು. ಡಿ ದರ್ಜೆಯ ಷರತ್ತುಗಳಲ್ಲಿ ಕೋಲಿಫಾರ್ಮಿನ ಮಾತೇ ಇಲ್ಲ, ಏಕೆಂದರೆ ಅಲ್ಲಿ ಮೈಯೊಡ್ಡಿ ನೀರಿಗಿಳಿಯುವ ಮನುಷ್ಯರು ಲೆಕ್ಕದಲ್ಲಿಲ್ಲ.

ಯಾವ ದರ್ಜೆಯನ್ನು ಗುರಿಯಾಗಿ ಬರೆದುಕೊಳ್ಳುತ್ತೇವೆ ಎಂಬುದನ್ನು ನಾವು ತಾಂತ್ರಿಕ ವಿಷಯವೆಂದು ತಿಳಿದಿದ್ದೇವೆ. ಅದರಲ್ಲಿ ಕೆರೆ ಯಾರಿಗಾಗಿ ಎಂಬ ತೀರ್ಮಾನ ಅಡಗಿದೆ. ಡಿ ಎಂದು ಬರೆದರೆ ಬೇಲಿ ಶಾಶ್ವತ. ಬಿ ಎಂದು ಬರೆದರೆ ಮೇಲಿನ ಬಡಾವಣೆಗಳ ಕೊಳಚೆಯನ್ನು ಪೂರ್ತಿ ತಡೆಯುವ ಜವಾಬ್ದಾರಿ ತಲೆಯ ಮೇಲೆ ಬರುತ್ತದೆ. ಅದು ಹತ್ತಲ್ಲ, ಇಪ್ಪತ್ತು ವರ್ಷದ ಕೆಲಸ. ಅಲ್ಲಿಯವರೆಗೆ ಬೇಲಿ ಇರಲಿ. ಆದರೆ ಒಂದು ಬದಿಯಲ್ಲಿ ಆಳವಿಲ್ಲದ ಕಡೆ ನಾಲ್ಕು ಮೆಟ್ಟಿಲು ಕಟ್ಟಿ, ಈಜು ಬಲ್ಲ ಹಿರಿಯರನ್ನು ಸಂಬಳ ಕೊಟ್ಟು ಕೂರಿಸಿ, ಯಾವ ಮಗುವಾದರೂ, ಹೆಣ್ಣಾಗಲಿ ಗಂಡಾಗಲಿ, ಬಂದು ದಡದ ಕೆಸರು ಮುಟ್ಟುವಂತೆ ಮಾಡಬಹುದು. ಮೀನು ಬಾಯಿ ಬಡಿಯುವುದನ್ನು ನೋಡಿ ನೀರಿನ ಆರೋಗ್ಯ ಹೇಳಬಲ್ಲವರು ಜರಗನಹಳ್ಳಿಯಲ್ಲಿ ಇನ್ನೂ ಇದ್ದಾರೆ. ಆ ಮೆಟ್ಟಿಲ ಮೇಲೆ ಮೇಷ್ಟರಾಗಿ ಕೂರಲು ಅವರಿಗಿಂತ ಅರ್ಹರು ನನಗೆ ಗೊತ್ತಿಲ್ಲ.

ಅಲ್ಲಿಗೆ ಬಂದ ಮಕ್ಕಳಲ್ಲಿ ಯಾರು ವಿಜ್ಞಾನಿಯಾಗುತ್ತಾರೋ, ಯಾರು ಆಟೋ ಓಡಿಸುತ್ತಾರೋ ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ಮುಂದೊಂದು ದಿನ ಯಾರಾದರೂ ಈ ಕೆರೆ ಹಿಂದಿನಿಂದಲೂ ಹೀಗೇ ಇತ್ತು ಎಂದರೆ, ಇಲ್ಲ, ನಾನು ಕಂಡಿದ್ದೇನೆ ಎನ್ನಲು ಒಂದು ಓಣಿಯಷ್ಟಾದರೂ ಜನ ಇರಬೇಕು.